ಸರಿದೂಗುವ ಬಳಕೆ: ಕಾಫಿ ಲೋಟದ ಅಸಲು ಹುಟ್ಟುವುದು ಯಾವಾಗ?

ತೊಳೆದು ಮತ್ತೆ ಬಳಸುವ ಲೋಟವನ್ನು ತಯಾರಿಸಲು ಒಮ್ಮೆ ಒಂದಿಷ್ಟು ಶಕ್ತಿ ಖರ್ಚಾಗುತ್ತದೆ. ಅದರಲ್ಲಿ ಕುಡಿದಾಗಲೆಲ್ಲ ಒಂದು ಪೇಪರ್ ಕಪ್ಪು ಉಳಿಯುತ್ತದೆ. ಎಷ್ಟು ಸಲ ಕುಡಿದರೆ ಆ ಉಳಿತಾಯ ಮೊದಲಿನ ಖರ್ಚಿಗೆ ಸಮನಾಗುತ್ತದೋ ಆ ಸಂಖ್ಯೆಯೇ ಸರಿದೂಗುವ ಬಳಕೆ. ಅಂಗಡಿ ಇಟ್ಟವರು ‘ಹಾಕಿದ ಅಸಲು ಹುಟ್ಟಿತು’ ಅನ್ನುತ್ತಾರಲ್ಲ, ಅದೇ ಲೆಕ್ಕ.

ಒಂದೇ ಸಲದ ಬಳಕೆಯನ್ನು ಹೋಲಿಸಿದರೆ ಪೇಪರ್ ಕಪ್ಪೇ ಗೆಲ್ಲುತ್ತದೆ. ಅದರ ತೂಕ ಎಂಟು ಗ್ರಾಂ ಆಸುಪಾಸು. ಗಾಜಿನ ಲೋಟ ಅದಕ್ಕಿಂತ ಎಷ್ಟೋ ಪಟ್ಟು ಭಾರ, ಮೇಲಾಗಿ ಮರಳು ಕರಗುವಷ್ಟು ಕಾದ ಕುಲುಮೆಯಿಂದ ಬಂದದ್ದು. ಹಾಗಾದರೆ ಲೋಟ ಗೆಲ್ಲುವುದು ಎಷ್ಟನೇ ಕಾಫಿಗೆ? ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಮಾರ್ಟಿನ್ ಹಾಕಿಂಗ್ 1994ರಲ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಒಂದು ಗಾಜಿನ ಲೋಟಕ್ಕೆ ಸುಮಾರು 5.5 ಮೆಗಾಜೂಲ್ ಶಕ್ತಿ ಬೇಕು. ಒಂದು ಪೇಪರ್ ಕಪ್ಪಿಗೆ 0.55. (ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್.) ಹತ್ತು ಸಲ ಕುಡಿದರೆ ಸಾಕು ಎನಿಸುತ್ತದೆ. ಆದರೆ ಲೋಟವನ್ನು ಪ್ರತಿ ಸಲವೂ ತೊಳೆಯಬೇಕು. ವಿದ್ಯುತ್ತಿನ ಪಾತ್ರೆ ತೊಳೆಯುವ ಯಂತ್ರದಲ್ಲಿ ಅದಕ್ಕೆ ಸುಮಾರು 0.18 ಮೆಗಾಜೂಲ್ ಬೀಳುತ್ತದೆ. ಹಾಗಾಗಿ ಒಂದು ಕಾಫಿಗೆ ನಿಜವಾಗಿ ಉಳಿಯುವುದು 0.37 ಮಾತ್ರ. 5.5 ಅನ್ನು ಅದರಿಂದ ಭಾಗಿಸಿದರೆ ಸುಮಾರು 15. ಪಿಂಗಾಣಿ ಕಪ್ಪು ಸುಡಲು ಹೆಚ್ಚು ಶಕ್ತಿ ಬೇಕಾದ್ದರಿಂದ ಅದಕ್ಕೆ 39.

ಅದೇ ಪಿಂಗಾಣಿ ಕಪ್ಪನ್ನು ಹಗುರವಾದ ಥರ್ಮಾಕೋಲ್ ಲೋಟದ ಎದುರು ಇಟ್ಟಾಗ ಹಾಕಿಂಗ್ ಅವರಿಗೆ ಸಿಕ್ಕ ಸಂಖ್ಯೆ 1,006. ಥರ್ಮಾಕೋಲ್ ಲೋಟ ತಯಾರಿಸಲು ಬೇಕಾದ ಶಕ್ತಿಯೂ ಪಿಂಗಾಣಿ ಕಪ್ಪನ್ನು ಒಮ್ಮೆ ತೊಳೆಯಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದದ್ದು ಇದಕ್ಕೆ ಕಾರಣ. ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು: ಲೋಟ ಯಾವುದರಿಂದ ಮಾಡಿದ್ದು ಎಂಬುದಕ್ಕಿಂತ ಅದು ಎಷ್ಟು ಸಲ ತುಂಬುತ್ತದೆ, ಹೇಗೆ ತೊಳೆಯಲ್ಪಡುತ್ತದೆ ಎಂಬುದೇ ಹೆಚ್ಚು ನಿರ್ಧರಿಸುತ್ತದೆ.

ನಮ್ಮ ಹಾಸನ, ಚಿಕ್ಕಮಗಳೂರಿನ ಹೋಟೆಲುಗಳಿಗೆ ಈ 15ನ್ನು ಹಾಗೇ ತಂದು ಅಂಟಿಸಲಾಗದು. ಇಲ್ಲಿ ಹೆಚ್ಚಿನ ಕಡೆ ಯಂತ್ರವಿಲ್ಲ. ಲೋಟಗಳನ್ನು ಕೈಯಲ್ಲಿ ಉಜ್ಜಿ, ಬಿಸಿನೀರಿನಲ್ಲಿ ಅದ್ದಿ ಎತ್ತುತ್ತಾರೆ. ಒಂದೇ ಪಾತ್ರೆಯ ಬಿಸಿನೀರಿನಲ್ಲಿ ಹಲವಾರು ಲೋಟ ಅದ್ದಿ ಎತ್ತಿದರೆ ತಲಾ ಖರ್ಚು ಇಳಿದು ಸರಿದೂಗುವ ಬಳಕೆ ಇನ್ನೂ ಬೇಗ ಬರುತ್ತದೆ. ನಲ್ಲಿಯನ್ನು ಸುಮ್ಮನೆ ಹರಿಯಬಿಟ್ಟು ತೊಳೆದರೆ ಶಕ್ತಿ ಉಳಿದರೂ ನೀರು ಪೋಲು. ಗಾಜು ಒಡೆಯುವುದೂ ಲೆಕ್ಕಕ್ಕೆ ಸೇರುತ್ತದೆ. ಏನೇ ಆದರೂ, ಬಸ್ ನಿಲ್ದಾಣದ ಎದುರಿನ ಜನ ತುಂಬಿದ ಹೋಟೆಲಿನಲ್ಲಿ ಬೈ-ಟೂ ಕಾಫಿ ಹೊತ್ತು ಓಡಾಡುವ ಲೋಟಕ್ಕೆ 15 ದೊಡ್ಡ ಸಂಖ್ಯೆಯೇನಲ್ಲ. ಕೆಲವೇ ದಿನಗಳಲ್ಲಿ ದಾಟಿಬಿಡುತ್ತದೆ.

ದಾಟದೇ ಉಳಿಯುವುದು ಉಡುಗೊರೆಯಾಗಿ ಬಂದ ಸ್ಟೀಲ್ ಟಂಬ್ಲರುಗಳು. ಸ್ಟೀಲಿನದೇನೂ ತಪ್ಪಿಲ್ಲ, ಅಜ್ಜಿಯ ಕಾಲದ ಲೋಟ ಇಂದಿಗೂ ಅಡುಗೆಮನೆಯಲ್ಲಿದೆ, ನೆಗ್ಗಿದರೆ ಗುಜರಿಗೆ ಹೋಗಿ ಮತ್ತೆ ಲೋಹವಾಗುತ್ತದೆ. ಆದರೆ ಒಂದಿರುವಾಗ ಇನ್ನೊಂದು ಕೊಂಡು ಶೋಕೇಸಿನಲ್ಲಿಟ್ಟರೆ, ಪರಿಸರಸ್ನೇಹಿ ಎಂದು ಅದರ ಮೇಲೆ ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದು ಸಾಲದಲ್ಲೇ ಇರುತ್ತದೆ.

ಇಷ್ಟೆಲ್ಲ ಶಕ್ತಿಯ ಮಾತು. ಬಿಸಾಡಿದ ಕಪ್ಪು ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಈ ಸಂಖ್ಯೆಗೆ ಕಾಣದು. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟಕ್ಕೆ ನಿಷೇಧವಿದೆ. ಅದರ ಜಾಗಕ್ಕೆ ಬಂದ ಪೇಪರ್ ಕಪ್ಪನ್ನು ಬರೀ ಕಾಗದವೆಂದು ನಂಬಿದವರು ಬಹಳ. ಒಂದು ಕಪ್ಪನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಮೆತ್ತಗಾದ ಕಾಗದವನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ: ಈರುಳ್ಳಿ ಪೊರೆಯಷ್ಟು ತೆಳುವಾದ ಪಾಲಿಥೀನ್ ಹಾಳೆ ಕೈಗೆ ಬರುತ್ತದೆ. ಕಾಫಿ ಸೋರದಂತೆ ತಡೆಯುವುದು ಅದೇ. ಮಾಮೂಲಿ ಕಾಗದದ ಜೊತೆ ಕಪ್ಪನ್ನು ಮರುಬಳಕೆ ಮಾಡಲಾಗದಂತೆ ಮಾಡುವುದೂ ಅದೇ. ಬಿಸಿ ಪಾನೀಯ 15 ನಿಮಿಷ ಅದರಲ್ಲಿದ್ದರೆ 100 ಮಿಲಿಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಸೂಕ್ಷ್ಮಕಣಗಳು ಸೇರುತ್ತವೆಂದು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ತಿಳಿಸಿದ್ದರು.

ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ಎಸೆದ ಕಪ್ಪಿನ ಕಾಗದ ಮಳೆಗೆ ಕರಗಬಹುದು, ಪೊರೆ ಕರಗುವುದಿಲ್ಲ. ಅಲ್ಲಿನ ಹುಲ್ಲುಗಾವಲು, ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡುಗಳೇ ನಮ್ಮ ಹೊಳೆಗಳ ತವರು. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರನ್ನು ಹಾದು ಹೇಮಾವತಿಗೆ ಸೇರುತ್ತದೆ. ಮೇಲೆ ಎಸೆದದ್ದು ಕೆಳಗಿನವರ ನೀರಿಗೇ ಬರುವ ದಾರಿ ಇದು. ಗಿರಿಗೆ ಹೋಗುವವರು ಫ್ಲಾಸ್ಕನ್ನೂ ಮನೆಯ ಲೋಟಗಳನ್ನೂ ಒಯ್ದರೆ ಅಲ್ಲಿ ಸರಿದೂಗುವ ಬಳಕೆಯನ್ನು ಎಣಿಸುವ ಅಗತ್ಯವೇ ಬೀಳುವುದಿಲ್ಲ.

ಮದುವೆ, ಗೃಹಪ್ರವೇಶಗಳಲ್ಲಿ ಹೊಸ ಲೋಟ ಕೊಳ್ಳುವುದು ಬೇಕಿಲ್ಲ. ಪಾತ್ರೆ ಬಾಡಿಗೆಗೆ ಕೊಡುವ ಶಾಮಿಯಾನದವರ ಬಳಿ ಸ್ಟೀಲ್ ಲೋಟಗಳಿವೆ, ಎಷ್ಟೋ ಮದುವೆ ಕಂಡು ಅಸಲು ಯಾವಾಗಲೋ ಹುಟ್ಟಿಸಿಕೊಂಡವು. ಅಡುಗೆಯವರೊಂದಿಗೆ ಮಾತಾಡುವಾಗಲೇ ಲೋಟ ತೊಳೆಯಲು ಇಬ್ಬರು ಆಳು, ಎರಡು ದೊಡ್ಡ ಟಬ್ಬು, ಒಂದು ಹಂಡೆ ಬಿಸಿನೀರು ಎಂದು ಸೇರಿಸಿ ಹೇಳಬೇಕು. ಆಮೇಲೆ ಹೇಳಿದರೆ ಪೇಪರ್ ಕಪ್ಪಿನ ಕಟ್ಟು ಬಂದು ಕೂತಿರುತ್ತದೆ.