ಕೀ ಬದಲಿಸುವ ಮುಂಚೆ ಬ್ರೇಕ್ ಲೈಟ್ ನೋಡಿ

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು ಒಂದು ದಿನ ಸ್ಟಾರ್ಟ್ ಆಗದೆ ಸುಮ್ಮನೆ ನಿಂತುಬಿಟ್ಟರೆ ಎಲ್ಲರ ಅನುಮಾನ ಮೊದಲು ಹೋಗುವುದು ಕೀ ಮೇಲೆ. "ಕೀ ಹೋಗಿದೆ, ಹೊಸದು ಮಾಡಿಸಿಕೊಡಿ" ಅಂತಲೇ ಗ್ಯಾರೇಜಿಗೆ ಬರುತ್ತಾರೆ. ಅಂಥ ಗಾಡಿಗಳಲ್ಲಿ ನಿಜವಾಗಿ ಕೀ ಕೆಟ್ಟಿರುವುದು ಅಪರೂಪ. ಕೀಯೊಳಗಿನ ಸೆಲ್ ಮುಗಿದಿರುತ್ತದೆ. ಇಲ್ಲವೇ ಕಾರಿನ ಬ್ಯಾಟರಿ ಸೋತಿರುತ್ತದೆ. ಎರಡೂ ಅಲ್ಲದಿದ್ದರೆ ಪೆಡಲ್ ಹಿಂದಿರುವ ಸಣ್ಣ ಸ್ವಿಚ್ ಕೈಕೊಟ್ಟಿರುತ್ತದೆ. ಹೊಸ ಸ್ಮಾರ್ಟ್ ಕೀ ಅಂದರೆ ಸಾವಿರಗಟ್ಟಲೆ ದುಡ್ಡು, ಅದನ್ನು ಕಾರಿಗೆ ಪರಿಚಯಿಸುವ ಪ್ರೋಗ್ರಾಮಿಂಗ್ ಖರ್ಚು ಬೇರೆ. ಸೆಲ್ ಹಾಕಿದರೆ ಮುಗಿಯುವ ಕೆಲಸಕ್ಕೆ ಅಷ್ಟು ಹಣ ಸುರಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಸಲ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಾರು ಮತ್ತು ಕೀ ಹೇಗೆ ಮಾತಾಡುತ್ತವೆ ಅಂತ ತಿಳಿದುಕೊಳ್ಳಬೇಕು. ನೀವು ಬಾಗಿಲ ಹಿಡಿಕೆಯ ಬಟನ್ ಒತ್ತಿದಾಗ, ಅಲ್ಲಿರುವ ಆಂಟೆನಾ "ಕೀ ಇದೆಯಾ?" ಅಂತ ಕೇಳುತ್ತದೆ. ಇದು ಸುಮಾರು 125 ಕಿಲೋಹರ್ಟ್ಸ್‌ನ ಸಿಗ್ನಲ್. ಬೇಕೆಂದೇ ಇದನ್ನು ಹತ್ತಿರಕ್ಕೆ ಸೀಮಿತ ಮಾಡಿರುತ್ತಾರೆ. ಹಿಡಿಕೆಯಿಂದ ಹೆಚ್ಚೆಂದರೆ ಒಂದು ಮೀಟರ್ ಆಸುಪಾಸು. ಆ ಕರೆ ಕೇಳಿಸಿದ ಕೂಡಲೇ ನಿಮ್ಮ ಜೇಬಿನ ಕೀ ಎಚ್ಚರವಾಗಿ ಉತ್ತರ ಕೊಡುತ್ತದೆ. ಆ ಉತ್ತರ ಹೋಗುವುದು ಬೇರೆ ದಾರಿಯಲ್ಲಿ. ನಮ್ಮ ದೇಶದ ಹೆಚ್ಚಿನ ಕಾರುಗಳಲ್ಲಿ ಅದು 433 ಮೆಗಾಹರ್ಟ್ಸ್. ಈ ಸಿಗ್ನಲ್ ಹತ್ತಾರು ಮೀಟರ್ ದೂರ ಹೋಗಬಲ್ಲದು.

ಅಂದರೆ ಕೀಗೆ ಕೇಳುವ ಕೆಲಸ ಒಂದು, ಹೇಳುವ ಕೆಲಸ ಇನ್ನೊಂದು. ಕೀ ಮೇಲೇ ಇರುವ ರಿಮೋಟ್‌ನ ಅನ್‌ಲಾಕ್ ಗುಂಡಿ ಒತ್ತಿದಾಗ ನಡೆಯುವುದು ಹೇಳುವ ಕೆಲಸ ಮಾತ್ರ. ಹಾಗಾಗಿ ದೂರದಿಂದ ರಿಮೋಟ್ ಒತ್ತಿದರೆ ಲಾಕ್ ತೆಗೆಯುವ ಕೀ, ಹಿಡಿಕೆ ಮುಟ್ಟಿದಾಗ ಸುಮ್ಮನಿರಬಹುದು. ರಿಮೋಟ್ ಕೆಲಸ ಮಾಡುತ್ತದೆ, ಆದರೆ ಒಂದೇ ಒಂದು ಬಾಗಿಲ ಹಿಡಿಕೆ ಸ್ಪಂದಿಸುವುದಿಲ್ಲ ಅಂದರೆ ತೊಂದರೆ ಆ ಹಿಡಿಕೆಯಲ್ಲಿದೆ. ಎಲ್ಲ ಹಿಡಿಕೆಗಳೂ ಮೌನ, ರಿಮೋಟ್ ಮಾತ್ರ ಸರಿ ಇದೆ ಅಂದರೆ ಮೊದಲು ಸೆಲ್ ನೋಡಿ. ಆಮೇಲೆ ಯಾರಾದರೂ ಸೆಟ್ಟಿಂಗ್‌ನಲ್ಲಿ ಆ ಸೌಲಭ್ಯವನ್ನೇ ಆಫ್ ಮಾಡಿದ್ದಾರಾ ನೋಡಿ. ಕೆಲವು ಕಾರುಗಳಲ್ಲಿ ಹಾಗೆ ಆಫ್ ಮಾಡಲು ಬರುತ್ತದೆ. ಮನೆಯಲ್ಲಿ ಮಕ್ಕಳು ಸ್ಕ್ರೀನ್ ಒತ್ತಾಡಿದ್ದರೆ ಇದೂ ಆಗಿರಬಹುದು.

ಒಳಗೆ ಕೂತ ಮೇಲೆ ಇನ್ನೊಂದು ಸರಣಿ ಶುರುವಾಗುತ್ತದೆ. ಕೀ ಒಳಗಿದೆಯಾ ಅಂತ ಕ್ಯಾಬಿನ್‌ನ ಆಂಟೆನಾಗಳು ಹುಡುಕುತ್ತವೆ. ಬ್ರೇಕ್ ಒತ್ತಿದ್ದೀರಾ, ಮ್ಯಾನ್ಯುಯಲ್ ಗಾಡಿಯಾದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ ಅಂತ ಕಾರು ನೋಡುತ್ತದೆ. ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇರಬೇಕು. ಸ್ಟೀರಿಂಗ್ ಲಾಕ್ ಬಿಡಬೇಕು. ಬೇರೆ ಕೀಯಿಂದ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಒಪ್ಪಬೇಕು. ಇಷ್ಟೂ ಆದ ಮೇಲೇ ಸ್ಟಾರ್ಟರ್ ಮೋಟರ್‌ಗೆ ಕರೆಂಟ್. ಇದರಲ್ಲಿ ಯಾವುದೊಂದು ತಪ್ಪಿದರೂ ಬಟನ್ ಒತ್ತಿ ಪ್ರಯೋಜನವಿಲ್ಲ.

ಹಾಗಾದರೆ ಎಲ್ಲಿ ತಪ್ಪಿದೆ ಅಂತ ಹುಡುಕುವುದು ಹೇಗೆ? ನಾನು ಫೋನಿನಲ್ಲೇ ಎಲ್ಲರಿಗೂ ಹೇಳುವ ಮೊದಲ ಪರೀಕ್ಷೆ ಇದು: ಯಾವ ಪೆಡಲ್ ಮೇಲೂ ಕಾಲಿಡಬೇಡಿ. ಸುಮ್ನೆ ಬಟನ್ ಒಂದು ಸಲ ಒತ್ತಿ, ಇನ್ನೊಂದು ಸಲ ಒತ್ತಿ. ಡ್ಯಾಶ್‌ಬೋರ್ಡ್ ದೀಪಗಳು ಎಂದಿನಂತೆ ಹತ್ತಿದವಾ? ಹಾಗಿದ್ದರೆ ಕಾರು ಕೀಯನ್ನು ಗುರುತಿಸಿದೆ ಅಂತಲೇ ತಿಳಿಯಿರಿ. ಇನ್ನು ಕೀ ಬಗ್ಗೆ ಯೋಚಿಸುವುದು ಬೇಡ. ಪೆಡಲ್ ಸ್ವಿಚ್, ಬ್ಯಾಟರಿ, ಗೇರ್ ಕಡೆ ಹೋಗಿ. ದೀಪ ಹತ್ತದೆ 'ಕೀ ಪತ್ತೆಯಾಗಿಲ್ಲ' ಎನ್ನುವ ಸೂಚನೆ ಬಂದರೆ ಮಾತ್ರ ಕೀ ಕಡೆ ನೋಡೋಣ. ಏನೂ ಬರದೆ ಕತ್ತಲೆ ಇದ್ದರೆ ಬಹುತೇಕ ಕಾರಿನ ಬ್ಯಾಟರಿಯೇ ಖಾಲಿ.

ಈಗ ಪೆಡಲ್ ಕಡೆ ಬರುತ್ತೇನೆ. ಜನ ಅತಿ ಕಡಿಮೆ ಗಮನ ಕೊಡುವುದು ಇಲ್ಲಿಗೆ. ಬ್ರೇಕ್ ಪೆಡಲ್ ಮೇಲ್ಭಾಗದಲ್ಲಿ ಒಂದು ಸ್ವಿಚ್ ಇದೆ. ಹಿಂದಿನ ಬ್ರೇಕ್ ಲೈಟ್ ಹತ್ತಿಸುವುದೂ ಅದೇ, ನೀವು ಬ್ರೇಕ್ ಒತ್ತಿದ್ದೀರಿ ಅಂತ ಸ್ಟಾರ್ಟ್ ಬಟನ್‌ಗೆ ತಿಳಿಸುವುದೂ ಸಾಮಾನ್ಯವಾಗಿ ಅದೇ. ಆದ್ದರಿಂದ ಪರೀಕ್ಷೆ ಬಹಳ ಸುಲಭ. ಒಬ್ಬರು ಬ್ರೇಕ್ ಒತ್ತಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಒಬ್ಬರೇ ಇದ್ದರೆ ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬೀಳುತ್ತದಾ ಅಂತ ಕನ್ನಡಿಯಲ್ಲಿ ನೋಡಿ. ಎರಡೂ ಕಡೆ ಬ್ರೇಕ್ ಲೈಟ್ ಹತ್ತಲಿಲ್ಲವೇ? ಸ್ವಿಚ್ ಅಥವಾ ಅದರ ಫ್ಯೂಸ್ ಹೋಗಿದೆ. ಸ್ಟಾರ್ಟ್ ಆಗದಿರುವುದಕ್ಕೆ ಬಹುತೇಕ ಅದೇ ಕಾರಣ. ಇಂಥ ಹೊತ್ತಿನಲ್ಲಿ ಹೇಗೋ ಸ್ಟಾರ್ಟ್ ಮಾಡಿಕೊಂಡು ರಸ್ತೆಗಿಳಿಯುವುದು ಬೇಡ. ಬ್ರೇಕ್ ಲೈಟ್ ಇಲ್ಲದ ಗಾಡಿ ಹಿಂದೆ ಬರುವವರಿಗೆ ಅಪಾಯ.

ಇದರ ತದ್ವಿರುದ್ಧ ತೊಂದರೆಯೂ ಇದೆ. ಕೆಲವು ಕಾರುಗಳಲ್ಲಿ ಈ ಸ್ವಿಚ್‌ನ ತುದಿ ಒತ್ತಿಕೊಳ್ಳುವ ಜಾಗದಲ್ಲಿ, ಪೆಡಲ್‌ನ ತೂತಿಗೆ ಕೂರಿಸಿದ ಒಂದು ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆ ಇರುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದು ಗಟ್ಟಿಯಾಗಿ ಪುಡಿಯಾಗುತ್ತದೆ. ಬಿರಡೆ ಉದುರಿದರೆ ಸ್ವಿಚ್‌ನ ತುದಿ ತೂತಿನೊಳಗೆ ತೂರಿ, ಕಾಲು ತೆಗೆದರೂ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಗ್ಗೆ ಖಾಲಿ. ಕಾಲಿನ ಹತ್ತಿರದ ಮ್ಯಾಟ್ ಮೇಲೆ ನೀಲಿಯೋ ಬಿಳಿಯೋ ಬಣ್ಣದ ಪ್ಲಾಸ್ಟಿಕ್ ಚೂರುಗಳು ಕಂಡರೆ ಗುಡಿಸಿ ಎಸೆಯಬೇಡಿ. ಮೆಕ್ಯಾನಿಕ್‌ಗೆ ತೋರಿಸಿ. ಅದನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ವಿಷಯ. ಎಂಜಿನ್ ಆಫ್ ಇದ್ದಾಗ ನಾಲ್ಕೈದು ಸಲ ಬ್ರೇಕ್ ತುಳಿದರೆ ಬ್ರೇಕ್ ಹಗುರ ಮಾಡುವ ಬೂಸ್ಟರ್‌ನ ನಿರ್ವಾತ ಖಾಲಿಯಾಗಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಮೆಲ್ಲಗೆ ಒತ್ತಿದರೆ ಸ್ವಿಚ್‌ವರೆಗೆ ಸುದ್ದಿ ಹೋಗುವುದಿಲ್ಲ. ಸ್ಟಾರ್ಟ್ ಆಗದೆ ಗಾಬರಿಯಾದವರು ಮತ್ತೆ ಮತ್ತೆ ತುಳಿಯುತ್ತಾರೆ, ಪೆಡಲ್ ಇನ್ನೂ ಗಟ್ಟಿಯಾಗುತ್ತದೆ. ಒಂದೇ ಸಲ ಜೋರಾಗಿ ಒತ್ತಿ ಹಿಡಿದು ಬಟನ್ ಒತ್ತಿ.

ಮ್ಯಾನ್ಯುಯಲ್ ಗಾಡಿಯವರಿಗೆ ಇದೇ ಕಥೆ ಕ್ಲಚ್‌ನಲ್ಲಿ. ಸಾಗರದಿಂದ ಒಬ್ಬ ಶಿಕ್ಷಕಿ ಫೋನ್ ಮಾಡಿದ್ದರು. "ಸಾರ್, ನಿನ್ನೆವರೆಗೂ ಚೆನ್ನಾಗಿತ್ತು. ದೀಪ ಎಲ್ಲ ಹತ್ತುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ. ಹೊಸ ಕೀ ಆರ್ಡರ್ ಮಾಡ್ಲಾ?" ಅಂದರು. ದೀಪ ಹತ್ತುತ್ತೆ ಅಂದಮೇಲೆ ಕೀ ಸರಿಯಾಗಿದೆ. "ಮೇಡಂ, ಗಾಡಿಗೆ ಹೊಸದಾಗಿ ಏನಾದ್ರೂ ಹಾಕ್ಸಿದೀರಾ?" ಅಂತ ಕೇಳಿದೆ. ಹಿಂದಿನ ದಿನವಷ್ಟೇ ದಪ್ಪನೆಯ 7ಡಿ ಮ್ಯಾಟ್ ಹಾಕಿಸಿದ್ದರು. ಅದರ ಅಂಚು ಕ್ಲಚ್ ಪೆಡಲ್ ಕೆಳಗೆ ಉಬ್ಬಿ ನಿಂತಿತ್ತು. ಪೆಡಲ್ ತಳಮುಟ್ಟದೆ ಸ್ವಿಚ್ ಒತ್ತಿಕೊಳ್ಳುತ್ತಿರಲಿಲ್ಲ. ಮ್ಯಾಟ್ ಹಿಂದಕ್ಕೆ ಎಳೆದು ಒತ್ತಿದರು, ಸ್ಟಾರ್ಟ್ ಆಯಿತು. ಮ್ಯಾಟ್ ಮೇಲೆ ಮ್ಯಾಟ್ ಹಾಕುವವರಿಗೂ ಇದು ಆಗುತ್ತದೆ. ಸ್ಟಾರ್ಟ್ ಆಗದಿರುವುದು ಅದರ ಸಣ್ಣ ತೊಂದರೆ. ಬ್ರೇಕ್ ಅಥವಾ ಆಕ್ಸಿಲರೇಟರ್ ಕೆಳಗೆ ಮ್ಯಾಟ್ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ದಯವಿಟ್ಟು ಡ್ರೈವರ್ ಕಡೆ ಒಂದೇ ಮ್ಯಾಟ್ ಇರಲಿ, ಅದೂ ಕೊಕ್ಕೆಗೆ ಸರಿಯಾಗಿ ಕೂತಿರಲಿ.

ಕಾರಿನ ಬ್ಯಾಟರಿ ವಿಷಯ ಸ್ವಲ್ಪ ಮೋಸದ್ದು. ಪೂರ್ತಿ ಸತ್ತರೆ ಗೊತ್ತಾಗುತ್ತದೆ. ಅರೆಜೀವವಾಗಿದ್ದರೆ ಚಿತ್ರವಿಚಿತ್ರ ಸೂಚನೆಗಳು ಬರುತ್ತವೆ. ಬಟನ್ ಒತ್ತಿದ ಕ್ಷಣ ವೋಲ್ಟೇಜ್ ಕುಸಿದು ಕಂಪ್ಯೂಟರ್‌ಗಳು ಗಲಿಬಿಲಿಯಾಗುತ್ತವೆ. ಕೀ ಜೇಬಿನಲ್ಲೇ ಇದ್ದರೂ ಕಾಣುತ್ತಿಲ್ಲ ಅನ್ನಬಹುದು, ಸ್ಟೀರಿಂಗ್ ದೀಪ, ಎಬಿಎಸ್ ದೀಪ ಎಲ್ಲ ಒಟ್ಟಿಗೆ ಹತ್ತಬಹುದು. ಟಕಟಕ ಸದ್ದು ಬಂದರಂತೂ ಅನುಮಾನವೇ ಬೇಡ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಚೆನ್ನಾಗಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆ ಇದ್ದರೆ ಬೇರೆ ಯಾವ ರಿಪೇರಿಗೂ ಕೈ ಹಾಕದೆ ಮೊದಲು ಚಾರ್ಜ್ ಮಾಡಿಸಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅದನ್ನೂ ತೆಗೆಸಿ. ಬ್ಯಾಟರಿ ಸರಿಯಿಲ್ಲದೆ, ದೋಷ ಹುಡುಕುವ ಸ್ಕ್ಯಾನರ್ ಹಾಕಿದರೆ ಬರುವ ಕೋಡ್‌ಗಳನ್ನು ನಂಬುವ ಹಾಗಿಲ್ಲ.

ಇನ್ನು ಕೀಯ ಸೆಲ್. ಅದು ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ದೂರ ಕಡಿಮೆಯಾಗುತ್ತದೆ. ಗೇಟಿನಿಂದ ತೆಗೆಯುತ್ತಿದ್ದ ಲಾಕ್ ಕಾರಿನ ಹತ್ತಿರ ಹೋದರೇ ತೆಗೆಯುತ್ತದೆ. ಡಿಸೆಂಬರ್‌ನ ಚಳಿಯ ಬೆಳಗ್ಗೆ ಕೈಕೊಟ್ಟು, ಮಧ್ಯಾಹ್ನ ಸರಿಯಾಗುತ್ತದೆ. ಇಷ್ಟು ಕಂಡರೆ ಸಾಕು, ಬದಲಿಸಿ. ಹೊಸ ಸೆಲ್ 3 ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. 2.8ಕ್ಕಿಂತ ಕೆಳಗಿದ್ದರೆ ಮುಗಿದಂತೆ. ಆದರೆ ಮೀಟರ್‌ನಲ್ಲಿ 3 ತೋರಿಸಿ, ಕೀ ಸಿಗ್ನಲ್ ಕಳಿಸುವಾಗ ಕುಸಿಯುವ ಸೆಲ್‌ಗಳೂ ಇವೆ. ಎರಡು ವರ್ಷ ಹಳೆಯದಾದರೆ ಮೀಟರ್ ಏನೇ ಹೇಳಲಿ, ಹೊಸದು ಹಾಕಿ.

ಹೆಚ್ಚಿನ ಕೀಗಳಿಗೆ ಸಿಆರ್ 2032 ಬೇಕು. ಕೆಲವಕ್ಕೆ 2025, 2450, 1632. ಈ ನಂಬರ್‌ನಲ್ಲೇ ಅಳತೆ ಇದೆ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಅಷ್ಟೇ ಅಗಲ, ದಪ್ಪ 2.5. ಹಾಗಾಗಿ 2032 ಜಾಗದಲ್ಲಿ 2025 ಕೂರುತ್ತದೆ, ಆದರೆ ಸಡಿಲವಾಗಿ. ಕೀ ಕೆಳಗೆ ಬಿದ್ದಾಗೆಲ್ಲ ಸಂಪರ್ಕ ತಪ್ಪುತ್ತದೆ. ಅಂಗಡಿಯವರು 'ಎಲ್ಲಾ ಒಂದೇ' ಅಂದರೆ ಒಪ್ಪಬೇಡಿ, ಹಳೆಯ ಸೆಲ್ ತೋರಿಸಿ ಅದೇ ನಂಬರ್ ಕೇಳಿ. ಪ್ಲಸ್ ಗುರುತು ಯಾವ ಕಡೆ ಇತ್ತು ಅಂತ ತೆಗೆಯುವಾಗಲೇ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಸೆಲ್ ತೆಗೆದರೆ ಕೀ ಮತ್ತೆ ಪ್ರೋಗ್ರಾಮ್ ಮಾಡಬೇಕಾಗುತ್ತದೆ ಅನ್ನುವ ಭಯ ಸಾಮಾನ್ಯವಾಗಿ ಬೇಡ. ಆ ನೆನಪು ಚಿಪ್‌ನಲ್ಲಿರುತ್ತದೆ, ಸೆಲ್‌ನಲ್ಲಲ್ಲ.

ತೆಗೆದ ಹಳೆಯ ಸೆಲ್ ಟೇಬಲ್ ಮೇಲೆ ಬಿಡಬೇಡಿ. ಸಣ್ಣ ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಅಪಾಯ ಅದರಲ್ಲಿದೆ. ಮುಗಿದ ಸೆಲ್‌ಗೂ ಆ ಶಕ್ತಿ ಉಳಿದಿರುತ್ತದೆ. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಸೆಲ್ ಬೇಗ ಮುಗಿಯುತ್ತಿದ್ದರೆ ಕೀ ಎಲ್ಲಿಡುತ್ತೀರಿ ನೋಡಿ. ಟಿವಿ, ಕಂಪ್ಯೂಟರ್, ಚಾರ್ಜರ್ ಪಕ್ಕದಲ್ಲಿದ್ದರೆ ಅವುಗಳ ಸಿಗ್ನಲ್ ಗದ್ದಲಕ್ಕೆ ಕೀ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಗೋಡೆಯಾಚೆ ಕಾರು ನಿಂತಿದ್ದು, ಈಚೆ ಮೊಳೆಗೆ ಕೀ ನೇತುಹಾಕಿದ್ದರೂ ಅಷ್ಟೇ. ಫೋನಿನ ಜೊತೆ ಒಂದೇ ಜೇಬಿನಲ್ಲಿಟ್ಟರೆ ಕಾರಿಗೆ ಕೀ ಕಾಣದೇ ಹೋಗಬಹುದು. ಡ್ಯಾಶ್‌ಕ್ಯಾಮ್‌ಗೆ ಹಾಕಿದ ಅಗ್ಗದ ಯುಎಸ್‌ಬಿ ಚಾರ್ಜರ್ ಕೂಡ ಸಿಗ್ನಲ್ ಕೆಡಿಸುತ್ತದೆ. ಅದನ್ನು ಕಿತ್ತು ನೋಡಿ, ತೊಂದರೆ ಹೋದರೆ ಚಾರ್ಜರ್ ಬದಲಿಸಿ.

ದಾರಿ ಮಧ್ಯೆ ಸೆಲ್ ಪೂರ್ತಿ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ. ಇದನ್ನು ಮನೆಯವರೆಲ್ಲ ಕಲಿತಿರಬೇಕು. ಕೀಯ ಒಳಗೆ ಸಾಮಾನ್ಯವಾಗಿ ಕಬ್ಬಿಣದ ಸಣ್ಣ ಕೀ ಒಂದು ಅಡಗಿರುತ್ತದೆ. ಪಕ್ಕದ ಗುಂಡಿ ಜಾರಿಸಿ ಎಳೆದರೆ ಹೊರಬರುತ್ತದೆ. ಅದರಿಂದ ಡ್ರೈವರ್ ಬಾಗಿಲು ತೆಗೆಯಿರಿ. ಅಲಾರಂ ಕೂಗಿದರೆ ಹೆದರಬೇಡಿ. ಬ್ರೇಕ್, ಮ್ಯಾನ್ಯುಯಲ್ ಆದರೆ ಕ್ಲಚ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಬಟನ್ ಒತ್ತಿ. ಕೀಯೊಳಗೆ ಸೆಲ್ ಬೇಕಿಲ್ಲದ ಚಿಪ್ ಇದೆ, ಹತ್ತಿರ ಹಿಡಿದರೆ ಕಾರೇ ಅದಕ್ಕೆ ಶಕ್ತಿ ಕೊಟ್ಟು ಓದಿಕೊಳ್ಳುತ್ತದೆ. ಬಹಳಷ್ಟು ಕಾರುಗಳಲ್ಲಿ ಹೀಗೇ. ಕೆಲವಲ್ಲಿ ಗೇರ್ ಹತ್ತಿರದ ಕುಳಿಯಲ್ಲೋ ಸ್ಟೀರಿಂಗ್ ಕೆಳಗೋ ಜಾಗ ಕೊಟ್ಟಿರುತ್ತಾರೆ. ಕಾರಿನ ಪುಸ್ತಕದಲ್ಲಿ ಆ ಪುಟ ಹುಡುಕಿ, ಇವತ್ತೇ ಒಂದು ಸಲ ಮಾಡಿ ನೋಡಿ. ಹೀಗೆ ತಾಗಿಸಿದಾಗ ಸ್ಟಾರ್ಟ್ ಆದರೆ ಸೆಲ್ ಅಥವಾ ಸಿಗ್ನಲ್ ತೊಂದರೆ, ಚಿಪ್ ಸರಿಯಾಗಿದೆ ಅಂತಲೂ ಗೊತ್ತಾಯಿತಲ್ವಾ?

ಇಳಿಜಾರಿನಲ್ಲಿ ಚಕ್ರ ತಿರುಗಿಸಿ ನಿಲ್ಲಿಸಿದಾಗ ಸ್ಟೀರಿಂಗ್ ಲಾಕ್ ಬಿಗಿಯುತ್ತದೆ. ಸ್ಟೀರಿಂಗನ್ನು ಎಡಬಲ ಅಲುಗಾಡಿಸುತ್ತಾ ಬಟನ್ ಒತ್ತಿ, ಬಿಡುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಹಿಡಿಕೆಯ ಬಟನ್ ಕೆಡುವುದು ಹೆಚ್ಚು. ಮೇಲಿನ ರಬ್ಬರ್ ಬಿರಿದು ನೀರು ಇಳಿದು ಒಳಗೆ ತುಕ್ಕು ಹಿಡಿಯುತ್ತದೆ. ಒಮ್ಮೊಮ್ಮೆ ಬಟನ್ ಒತ್ತಿಕೊಂಡೇ ಉಳಿದು ಕಾರಿನ ಬ್ಯಾಟರಿಯನ್ನೂ ತಿನ್ನುತ್ತದೆ. ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಇಲಿ ವೈರ್ ಕಡಿದಿರುತ್ತದೆ. ಇವೆರಡು ಮನೆಯಲ್ಲಿ ಮಾಡುವ ಕೆಲಸವಲ್ಲ.

ಓಡುತ್ತಿರುವ ಗಾಡಿಯ ಎಂಜಿನ್ ತುರ್ತಾಗಿ ನಿಲ್ಲಿಸುವುದು ಹೇಗೆ ಅಂತಲೂ ಗೊತ್ತಿರಲಿ. ಒಂದು ಸಲ ಒತ್ತಿದರೆ ನಿಲ್ಲುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು, ಇಲ್ಲವೇ ಬೆನ್ನುಬೆನ್ನಿಗೆ ಮೂರು ಸಲ ಒತ್ತಬೇಕು. ಆಗ ಸ್ಟೀರಿಂಗ್, ಬ್ರೇಕ್ ಎರಡೂ ಭಾರವಾಗುತ್ತವೆ, ಆದರೆ ಕೆಲಸ ಮಾಡುತ್ತವೆ.

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ ಮೆಕ್ಯಾನಿಕ್ ಹತ್ತಿರ ಬನ್ನಿ. ಬರುವಾಗ ಎರಡೂ ಕೀ ತನ್ನಿ. ಒಂದರಲ್ಲಿ ತೊಂದರೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಹೊಸ ಕೀ ಸೇರಿಸಲೇಬೇಕಾಗಿ ಬಂದರೂ ಎರಡೂ ಬೇಕು. ಎಷ್ಟೋ ಕಾರುಗಳಲ್ಲಿ ಪ್ರೋಗ್ರಾಮ್ ಮಾಡುವ ಹೊತ್ತಿಗೆ ಎದುರಿಗಿಲ್ಲದ ಕೀ ಪಟ್ಟಿಯಿಂದ ಅಳಿಸಿಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎರಡನೇ ಕೀ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.