ಆಗಬೋಟಿನ ಎರಡು ವಾರ

1921ರ ಸೆಪ್ಟೆಂಬರ್. ಇಂಗ್ಲೆಂಡಿನಿಂದ ಮುಂಬಯಿಗೆ ಬರುತ್ತಿದ್ದ 'ನರ್ಕುಂಡಾ' ಹಡಗಿನ ಡೆಕ್ಕಿನ ಮೇಲೆ 32 ವರ್ಷದ ಒಬ್ಬ ಪ್ರೊಫೆಸರು ನಿಂತು ಸಮುದ್ರ ನೋಡುತ್ತಿದ್ದರು. ಕೈಯಲ್ಲಿ ನಿಕೋಲ್ ಪ್ರಿಸಂ ಎಂಬ ಪುಟ್ಟ ಹರಳು. ಕಲ್ಕತ್ತ ವಿಶ್ವವಿದ್ಯಾಲಯದ ಪರವಾಗಿ ಆಕ್ಸ್‌ಫರ್ಡಿನ ಸಮಾವೇಶಕ್ಕೆ ಹೋಗಿ ವಾಪಸು ಬರುತ್ತಿದ್ದ ಸಿ. ವಿ. ರಾಮನ್ ಅವರು.

ಸಮುದ್ರ ಯಾಕೆ ನೀಲಿ? ಆಕಾಶ ನೀಲಿ, ಅದರ ನೆರಳು ನೀರಲ್ಲಿ ಕಾಣುತ್ತೆ, ಅಷ್ಟೇ ಅಲ್ವಾ? ಆಗಿನ ದೊಡ್ಡ ಭೌತವಿಜ್ಞಾನಿ ಲಾರ್ಡ್ ರೇಲಿ ಕೂಡ ಹಾಗೇ ಹೇಳಿದ್ದರು. ಆಳದ ಕಡಲಿನ ನೀಲಿಗೂ ನೀರಿನ ಬಣ್ಣಕ್ಕೂ ಸಂಬಂಧವಿಲ್ಲ, ಅದು ಆಕಾಶದ ಪ್ರತಿಬಿಂಬ ಎಂಬುದು ಅವರ ಮಾತು. ಮೆಡಿಟರೇನಿಯನ್ನಿನ ಗಾಢ ನೀಲಿಯನ್ನು ದಿನವಿಡೀ ನೋಡುತ್ತಿದ್ದ ರಾಮನ್‌ಗೆ ಈ ಮಾತು ಒಪ್ಪಿಗೆಯಾಗಲಿಲ್ಲ.

ಅವರು ಮಾಡಿದ ಪರೀಕ್ಷೆ ಎಷ್ಟು ಸರಳ ನೋಡಿ. ಬೆಳಕು ನೀರಿನ ಮೇಲ್ಮೈಗೆ ಬಡಿದು ವಾಪಸು ಬರುವಾಗ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಆಡತೊಡಗುತ್ತವೆ. ನೆಟ್ಟಗಿನ ಗೆರೆಯಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೋಡಿದರೆ ಈ ಗುಣ ಪೂರ್ತಿಯಾಗಿರುತ್ತದೆ. ಆ ಕೋನದಲ್ಲಿ ನಿಕೋಲ್ ಪ್ರಿಸಂ ಹಿಡಿದು ಸ್ವಲ್ಪ ತಿರುಗಿಸಿದರೆ ಪ್ರತಿಬಿಂಬದ ಬೆಳಕೆಲ್ಲ ಅಳಿಸಿಹೋಗುತ್ತದೆ. ನೀಲಿ ಬರೀ ಆಕಾಶದ ಸಾಲವಾಗಿದ್ದರೆ ಆಗ ಕಡಲು ಕಪ್ಪಾಗಬೇಕಿತ್ತು. ಆಗಲಿಲ್ಲ. ಮೇಲಿನ ಹೊಳಪು ಹೋದ ಮೇಲೆ ಒಳಗಿನ ನೀಲಿ ಇನ್ನೂ ಚೆನ್ನಾಗಿ ಎದ್ದು ಕಂಡಿತು.

ನೀರಿನ ಕಣಗಳೇ ಬೆಳಕನ್ನು ಚದುರಿಸುತ್ತವೆ ಎಂದು ರಾಮನ್ ತೀರ್ಮಾನಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದಕ್ಕೂ ಈ ಬಣ್ಣದಲ್ಲಿ ದೊಡ್ಡ ಪಾಲಿದೆ ಎಂಬುದು ಇವತ್ತಿನ ತಿಳಿವಳಿಕೆ. ಹಡಗು ಮುಂಬಯಿ ಬಂದರು ಮುಟ್ಟಿದಾಗ 'ನೇಚರ್' ಪತ್ರಿಕೆಗೆ ಅವರ ಪತ್ರ ಸಿದ್ಧವಾಗಿತ್ತು. ಅದರಲ್ಲಿರುವ ವಿಳಾಸ: ಎಸ್. ಎಸ್. ನರ್ಕುಂಡಾ, ಮುಂಬಯಿ ಬಂದರು, ಸೆಪ್ಟೆಂಬರ್ 26. ಒಬ್ಬ ವಿಜ್ಞಾನಿಯ ವಿಳಾಸ ಒಂದು ಹಡಗು! ನನಗೆ ಈ ವಿವರ ತುಂಬ ಇಷ್ಟ. ಅಲ್ಲಿಂದ ಹಿಡಿದ ಎಳೆ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ತನಕ, ಅಂದರೆ ಚದುರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣವನ್ನೇ ಬದಲಿಸುತ್ತದೆ ಎಂಬ ಶೋಧದ ತನಕ ಹೋಯಿತು. 1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆಗೆ) ಬಂದು ನಮ್ಮವರೇ ಆದರು.

ಇಷ್ಟು ಹೊತ್ತು ಸುಮ್ನೆ ನೀರು ನೋಡುವ ಪುರುಸೊತ್ತು ಸಿಕ್ಕಿದ್ದು ಆ ಹಡಗಿನಿಂದಲೇ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಯೂರೋಪಿನ ಪ್ರಯಾಣ ಅಂದರೆ ಹೆಚ್ಚುಕಡಿಮೆ ಎರಡು ವಾರ. ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ 'ರಾಜಪುತಾನಾ' ಹಡಗಿನಲ್ಲಿ ಮುಂಬಯಿ ಬಿಟ್ಟಿದ್ದು 1931ರ ಆಗಸ್ಟ್ 29ರಂದು. ಫ್ರಾನ್ಸಿನ ಮಾರ್ಸೇಲ್ ತಲುಪಿದ್ದು ಸೆಪ್ಟೆಂಬರ್ 11ಕ್ಕೆ. ಏಡನ್, ಕೆಂಪು ಸಮುದ್ರ, ಸೂಯೆಜ್ ಕಾಲುವೆ, ಪೋರ್ಟ್ ಸೈದ್. ಜನರ ಜೊತೆಗೆ ಟಪಾಲಿನ ಮೂಟೆ, ಸರಕು ಎಲ್ಲವೂ ಅದೇ ಹಡಗಿನಲ್ಲಿ.

ಕಾರವಾರದ ಕಡೆಯ ಹಿರಿಯರು ಉಗಿಹಡಗಿಗೆ ಆಗಬೋಟು ಅನ್ನುತ್ತಿದ್ದರು. ಆಗ್ ಅಂದರೆ ಬೆಂಕಿ. ಬಹಳ ಸರಿಯಾದ ಹೆಸರು. ನರ್ಕುಂಡಾ ಮೂರು ಚಿಮಣಿಯ, 16 ಸಾವಿರ ಟನ್ನಿನ ಹಡಗು. (ಈ ಟನ್ ತೂಕವಲ್ಲ. ಹಡಗಿನ ಒಳಗಿನ ಜಾಗದ ಲೆಕ್ಕ, ಒಂದು ಟನ್ನಿಗೆ 100 ಘನ ಅಡಿ.) ಅಷ್ಟು ದೊಡ್ಡದನ್ನು ಗಂಟೆಗೆ 30 ಕಿಲೋಮೀಟರ್ ಓಡಿಸಲು ಹೊಟ್ಟೆಯೊಳಗೆ ಹಗಲೂ ರಾತ್ರಿ ಬೆಂಕಿ ಉರಿಯಬೇಕು.

ಕಬ್ಬಿನ ಹಾಲಿನ ಅಂಗಡಿಯವರು ಅದೇ ಕಬ್ಬನ್ನು ಮಡಚಿ ಮಡಚಿ ಮತ್ತೆ ಗಾಣಕ್ಕೆ ಕೊಡುತ್ತಾರಲ್ಲ, ಆ ಹಡಗಿನ ಎಂಜಿನ್ ಉಗಿಯನ್ನು ಹಾಗೇ ಹಿಂಡುತ್ತಿತ್ತು. ಬಾಯ್ಲರಿನಿಂದ ಬಂದ ಒತ್ತಡದ ಉಗಿ ಮೊದಲು ಸಣ್ಣ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಅಲ್ಲಿ ಹಿಗ್ಗಿ, ಬಲ ಕಮ್ಮಿಯಾಗಿ, ಇನ್ನೂ ಅಗಲದ ಸಿಲಿಂಡರಿಗೆ ಹೋಗುತ್ತದೆ. ಹೀಗೆ ನಾಲ್ಕು ಸಲ. ಕೊನೆಗೆ ಸತ್ವ ಕಳೆದುಕೊಂಡ ಉಗಿ ಕಂಡೆನ್ಸರಿಗೆ ಬರುತ್ತದೆ. ಅಲ್ಲಿ ಸಮುದ್ರದ ನೀರು ಹರಿಯುವ ನೂರಾರು ಕೊಳವೆಗಳನ್ನು ಮುಟ್ಟಿ ತಣ್ಣಗಾಗಿ ಮತ್ತೆ ಸಿಹಿನೀರಾಗುತ್ತದೆ, ಮತ್ತೆ ಬಾಯ್ಲರಿಗೆ ಹೋಗುತ್ತದೆ. ಸುತ್ತಲೂ ಅಷ್ಟು ನೀರಿರುವಾಗ ಈ ಪಾಡು ಯಾಕೆ? ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ಸಮುದ್ರದ ನೀರು ಕುದಿಸಿದರೆ ಬಾಯ್ಲರ್ ಬೇಗನೆ ಉಪ್ಪಿನಿಂದ ಕಟ್ಟಿಕೊಳ್ಳುತ್ತದೆ.

ಈ ಕಂಡೆನ್ಸರಿಗೆ ಕೆಂಪು ಸಮುದ್ರ ಅಂದರೆ ಕಷ್ಟ. ಅಲ್ಲಿನ ನೀರು ಬೇಸಗೆಯಲ್ಲಿ 30 ಡಿಗ್ರಿ ದಾಟುತ್ತದೆ. ತಣಿಸುವ ನೀರೇ ಬೆಚ್ಚಗಿದ್ದರೆ ಎಂಜಿನ್ನಿನ ಕಸುವು ತಗ್ಗುತ್ತದೆ. ಅದೇ ವೇಗಕ್ಕೆ ಜಾಸ್ತಿ ಕಲ್ಲಿದ್ದಲು ಸುಡಬೇಕು.

ಸುಡುವವರು ಯಾರು? ನಮ್ಮ ದೇಶದವರೇ. ಬ್ರಿಟಿಷ್ ಹಡಗುಗಳ ಒಲೆಮನೆಯಲ್ಲಿ ಸಿಲ್ಹೆಟ್ (ಈಗ ಬಾಂಗ್ಲಾದೇಶದಲ್ಲಿದೆ), ಪಂಜಾಬ್ ಕಡೆಯ ಬಹಳ ಜನ ದುಡಿಯುತ್ತಿದ್ದರು. ಬೆಂಕಿ ನೋಡಿಕೊಳ್ಳುವವನು ಆಗ್‌ವಾಲಾ, ಕಲ್ಲಿದ್ದಲು ಎಳೆದು ತರುವವನು ಕೋಯ್ಲಾವಾಲಾ, ಯಂತ್ರಕ್ಕೆ ಎಣ್ಣೆ ಹಾಕುವವನು ತೇಲ್‌ವಾಲಾ. ಅವರ ಮೇಲೆ ಒಬ್ಬ ಸಾರಂಗ, ಅಂದರೆ ಮೇಸ್ತ್ರಿ. ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಕೆಂಪು ಸಮುದ್ರದಲ್ಲಿ ಒಲೆಮನೆಯ ಬಿಸಿ 50 ಡಿಗ್ರಿ ಮೀರುತ್ತಿತ್ತು. ಬರೀ ಸಲಿಕೆಯಲ್ಲಿ ಎತ್ತಿ ಹಾಕಿದರೆ ಸಾಲದು. ಬೆಂಕಿಯನ್ನು ಸಮನಾಗಿ ಹರಡಬೇಕು, ಬೂದಿ ಕೆರೆಯಬೇಕು, ಒಲೆಯ ಬಾಗಿಲು ಜಾಸ್ತಿ ಹೊತ್ತು ತೆರೆದಿರಬಾರದು. ತಣ್ಣನೆ ಗಾಳಿ ನುಗ್ಗಿದರೆ ಉಗಿಯ ಒತ್ತಡ ಬಿದ್ದುಹೋಗುತ್ತದೆ. ಇದು ದೊಡ್ಡ ಕಸುಬು. ಡೆಕ್ಕಿನ ಮೇಲೆ ನಡೆದ ವಿಜ್ಞಾನದ ಕತೆ ಹೇಳುವಾಗ ಇವರನ್ನು ಬಿಟ್ಟು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಇದೇ ವರ್ಷಗಳಲ್ಲಿ ಒಂದೊಂದೇ ಹಡಗು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ತಿರುಗಿತು. ಒಂದು ಟನ್ ಎಣ್ಣೆಯಲ್ಲಿ ಸುಮಾರು ಒಂದೂವರೆ ಟನ್ ಕಲ್ಲಿದ್ದಲಿನ ಶಾಖ ಇದೆ. ಕೊಳವೆಯಲ್ಲಿ ಹರಿಯುತ್ತದೆ, ಬೂದಿಯಿಲ್ಲ. ಮೊದಲು ಪೋರ್ಟ್ ಸೈದಿನಲ್ಲಿ ಕೂಲಿಗಳು ಸಾಲುಗಟ್ಟಿ, ಹಲಗೆ ಹತ್ತಿ, ಬುಟ್ಟಿಯಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದರು. ಹಡಗೆಲ್ಲ ಮಸಿ. ಪ್ರಯಾಣಿಕರು ಕಿಟಕಿ ಮುಚ್ಚಿ ದಡಕ್ಕೆ ಇಳಿಯುತ್ತಿದ್ದರು. ಎಣ್ಣೆ ಬಂದ ಮೇಲೆ ಪಂಪು ಸಾಕಾಯಿತು. ಒಲೆಮನೆಯ ಜನರೂ ಕಮ್ಮಿಯಾದರು. ಒಳ್ಳೆಯದೇ, ಆದರೆ ಅವರ ಅನ್ನವೂ ಹೋಯಿತು.

ಮೇಲಿನವರಿಗೂ ಸೆಕೆ ತಪ್ಪಿದ್ದಲ್ಲ. ಹಿಂದಿನಿಂದ ಬೀಸುವ ಗಾಳಿ ಹಡಗಿನಷ್ಟೇ ವೇಗದ್ದಾದರೆ ಡೆಕ್ಕಿನ ಮೇಲೆ ಎಲೆಯೂ ಅಲ್ಲಾಡುವುದಿಲ್ಲ. ಆಗ ಕೆಲವು ಕ್ಯಾಪ್ಟನ್‌ಗಳು ಹಡಗನ್ನೇ ಸ್ವಲ್ಪ ಹೊತ್ತು ಹಿಂದಕ್ಕೆ ತಿರುಗಿಸಿ ಒಳಗೆ ಗಾಳಿ ತುಂಬಿಸಿಕೊಳ್ಳುತ್ತಿದ್ದರು. ಕ್ಯಾಬಿನ್ನಿಗೆ ಗಾಳಿ ಬಿಡುವ, ಬೇಕಾದ ಕಡೆ ತಿರುಗಿಸಬಹುದಾದ ದುಂಡನೆ ಬಾಯಿಗೆ 'ಪಂಖಾ ಲೂವರ್' ಎಂದು ಹೆಸರು ಬಂತು. ನಮ್ಮ ಪಂಖಾವೇ. ವಿಮಾನದಲ್ಲಿ ತಲೆಯ ಮೇಲಿರುವ ಗಾಳಿಯ ಬಾಯಿ ಇದೇ ಬಗೆಯದು.

1930ರ ಜುಲೈ 31ರಂದು 19 ವರ್ಷದ ಹುಡುಗನೊಬ್ಬ ಇದೇ ದಾರಿ ಹಿಡಿದ. ಇಟಲಿಯ 'ಪಿಲ್ಸ್ನಾ' ಹಡಗು. ಮುಂಬಯಿ ಬಿಟ್ಟ ಮೇಲೆ ಮಳೆಗಾಲದ ಅರಬ್ಬಿ ಸಮುದ್ರ ಹಡಗನ್ನು ಎತ್ತಿ ಎತ್ತಿ ಹಾಕಿತು. ಏಡನ್ ದಾಟಿದ ಮೇಲೆ ಕಡಲು ಶಾಂತವಾಯಿತು. ಹುಡುಗ ಕಾಗದ ತೆಗೆದು ಲೆಕ್ಕಕ್ಕೆ ಕೂತ. ಉರಿದು ಮುಗಿದ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿಯದ ಹಾಗೆ ಒಳಗಿನ ಎಲೆಕ್ಟ್ರಾನುಗಳು ತಡೆದು ನಿಲ್ಲಿಸುತ್ತವೆ. ಆದರೆ ಅವುಗಳ ವೇಗ ಬೆಳಕಿನ ವೇಗದ ಹತ್ತಿರ ಬಂದರೆ? ಐನ್‌ಸ್ಟೈನ್ ಹೇಳಿದ್ದನ್ನು ಸೇರಿಸಿ ಲೆಕ್ಕ ಹಾಕಿದಾಗ, ಒಂದು ಮಿತಿ ದಾಟಿದರೆ ತಡೆಯಲು ಆಗುವುದೇ ಇಲ್ಲ ಎಂದು ಬಂತು. ಸೂರ್ಯನ ಸುಮಾರು 1.4 ಪಟ್ಟು ತೂಕದ ಆ ಮಿತಿಗೆ ಇವತ್ತು ಅವನದೇ ಹೆಸರಿದೆ. ಸುಬ್ರಹ್ಮಣ್ಯನ್ ಚಂದ್ರಶೇಖರ್, ರಾಮನ್ ಅವರ ಅಣ್ಣನ ಮಗ. ಚಿಕ್ಕಪ್ಪನಿಗೆ ಅದೇ 1930ರಲ್ಲಿ ನೊಬೆಲ್ ಬಂತು. ಚಂದ್ರಶೇಖರ್ 1983ರ ತನಕ ಕಾಯಬೇಕಾಯಿತು.

ನರ್ಕುಂಡಾ ಎರಡನೆಯ ಯುದ್ಧದಲ್ಲಿ ಸೈನಿಕರನ್ನು ಸಾಗಿಸುವ ಹಡಗಾಯಿತು. 1942ರ ನವೆಂಬರಿನಲ್ಲಿ ಅಲ್ಜೀರಿಯಾದ ಬೂಜಿ ಬಂದರಿನ ಹತ್ತಿರ ಜರ್ಮನ್ ವಿಮಾನಗಳು ಅದರ ಮೇಲೆ ಬಾಂಬು ಹಾಕಿದವು. ಅದು ಮುಳುಗಿದ್ದು ರಾಮನ್ ಪ್ರಿಸಂ ಹಿಡಿದು ನೋಡಿದ್ದ ಅದೇ ಮೆಡಿಟರೇನಿಯನ್ನಿನಲ್ಲಿ.