ಗಾಯಾಳು ಸೈನಿಕರ ಫೋಟೋ ಯಾರಿಗೋಸ್ಕರ ತೆಗೆದಿದ್ದು?

ಪುಣೆಯ ಖಡಕಿ ವಾರ್ ಸಿಮೆಟ್ರಿಲಿ ಎರಡನೇ ಮಹಾಯುದ್ಧದ 1,668 ಸಮಾಧಿಗಳಿವೆ, ಮೊದಲ ಮಹಾಯುದ್ಧದ ಟೈಮಲ್ಲಿ ಭಾರತದಲ್ಲಿ ತೀರಿಕೊಂಡ 1,800ಕ್ಕೂ ಹೆಚ್ಚು ಸೈನಿಕರ ನೆನಪಿಗೆ ಅಲ್ಲೇ ಒಂದು ಸ್ಮಾರಕನೂ ಇದೆ. ಅದೇ ಖಡಕಿಲಿ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಷನ್ ಸೆಂಟರ್ ಇದೆ, 1971ರ ಯುದ್ಧ ಆದ್ಮೇಲೆ 1974ರಲ್ಲಿ ಶುರುವಾಗಿದ್ದು, ಬೆನ್ನುಹುರಿಗೆ ಪೆಟ್ಟು ಬಿದ್ದು ವೀಲ್‌ಚೇರ್ ಹಿಡಿದ ಜವಾನರು ಇರೋ ಜಾಗ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿರೋ ನಾವು ಆ ರೋಡಲ್ಲಿ ಎಷ್ಟೋ ಸಲ ಓಡಾಡಿರ್ತೀವಿ, ಆದ್ರೆ ಒಳಗಿರೋ ಒಬ್ಬರ ಮುಖನೂ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾರ್ಗಿಲ್‌ನಲ್ಲಿ ಸರ್ಕಾರದ ಲೆಕ್ಕದ ಪ್ರಕಾರ 527 ಜನ ಹುತಾತ್ಮರಾದ್ರು, 1,363 ಜನ ಗಾಯಗೊಂಡ್ರು. ಮೊದಲನೇ ಅಂಕಿಯ ಹಿಂದೆ ಇರೋ ಹೆಸರುಗಳು ಕಲ್ಲಿನ ಮೇಲೆ ಇವೆ. ಎರಡನೇದು ಬರೀ ಅಂಕಿಯಾಗೇ ಉಳೀತು. ಕಲ್ಲಲ್ಲಿ ಜಾಗ ಸಿಗದವರನ್ನ ಫೋಟೋ ಆದ್ರೂ ಉಳಿಸ್ಬೇಕಿತ್ತು, ಆದ್ರೆ ಈ ಫೋಟೋಗಳ ಇತಿಹಾಸ ನೋಡಿದ್ರೆ ಅವನ್ನ ಹೆಚ್ಚಿನ ಸಲ ಬೇರೆ ಯಾರದೋ ಕೆಲಸಕ್ಕೆ ತೆಗೆದಿದಾರೆ.

ಶುರುವಿಂದ ನೋಡೋಣ. 1855ರಲ್ಲಿ ರೋಜರ್ ಫೆಂಟನ್ ಅನ್ನೋ ಬ್ರಿಟಿಷ್ ಫೋಟೋಗ್ರಾಫರ್ ಕ್ರಿಮಿಯಾ ಯುದ್ಧಕ್ಕೆ ಹೋಗಿ ಸುಮಾರು 360 ಫೋಟೋ ತಂದ, ಅದರಲ್ಲಿ ಹೆಣ ಇಲ್ಲ, ಯುದ್ಧದ ಘೋರತೆನೂ ಕಾಣಲ್ಲ. ಅದೇ ಹೊತ್ತಿಗೆ ವಿಕ್ಟೋರಿಯಾ ರಾಣಿ ಗಾಯಗೊಂಡ ಸೈನಿಕರ ಫೋಟೋ ತೆಗೆಸಿದ್ಲು, ಕಾಲು ಕಳ್ಕೊಂಡವರೂ ಅದರಲ್ಲಿದ್ರು, ಆದ್ರೆ ಅದು ಅರಮನೆಯ ಸಂಗ್ರಹಕ್ಕೆ. ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ವಾಷಿಂಗ್ಟನ್‌ನ ಹೇರ್‌ವುಡ್ ಆಸ್ಪತ್ರೆಲಿ ರೀಡ್ ಬಾಂಟೆಕೂ ಅನ್ನೋ ಸರ್ಜನ್ ತನ್ನ ರೋಗಿಗಳ ಗಾಯದ ಫೋಟೋ ತೆಗೆದ. ಅವು ವೈದ್ಯರ ಪಾಠಕ್ಕೆ ಬಂದ್ವು, ಪೆನ್ಷನ್‌ಗೆ ಎಷ್ಟು ಗಾಯ ಆಗಿದೆ ಅಂತ ತೋರಿಸೋ ಸಾಕ್ಷಿಯಾಗಿಯೂ ಬಂದ್ವು. ನನಗೆ ಇದು ತುಂಬಾ ಮುಖ್ಯ ಅನ್ಸುತ್ತೆ, ಯಾಕಂದ್ರೆ ಆ ಫೋಟೋದಿಂದ ಅದರಲ್ಲಿದ್ದ ಮನುಷ್ಯನಿಗೇ ಏನೋ ಸಿಕ್ತು.

ನಮ್ಮವರ ಕಥೆ ಬೇರೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನ ಇಂಗ್ಲೆಂಡಿನ ಬ್ರೈಟನ್‌ಗೆ ತಂದು ರಾಯಲ್ ಪೆವಿಲಿಯನ್ ಅರಮನೆಲಿ ಮಲಗಿಸಿದ್ರು. ಮಿರಮಿರ ಮಿಂಚೋ ಗುಮ್ಮಟದ ಕೆಳಗೆ ಸಾಲು ಸಾಲು ಹಾಸಿಗೆ, ಪೇಟ ಸುತ್ತಿದ ಸೈನಿಕರು, ಆ ಫೋಟೋಗಳು ಪೋಸ್ಟ್‌ಕಾರ್ಡ್ ಆಗಿ ಹೋದ್ವು. ಸಾಮ್ರಾಜ್ಯ ತನ್ನ ಸೈನಿಕರನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತಿದೆ ಅಂತ ತೋರಿಸೋಕೆ. ಆದ್ರೆ ಅವರು ಮನೆಗೆ ಬರೆದ ಕಾಗದಗಳನ್ನ ಸೆನ್ಸಾರ್‌ನವರು ಓದ್ತಿದ್ರು, ಊರೊಳಗೆ ಮನಸ್ಸು ಬಂದಂಗೆ ತಿರುಗಾಡೋಕೂ ಬಿಡ್ತಿರಲಿಲ್ಲ. ಆ ಫೋಟೋಗಳಲ್ಲಿರೋ ಬಹುಪಾಲು ಜನರ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ. ಮುಂಬೈಲಿ ನಾವು ಮಕ್ಕಳನ್ನ ಕರ್ಕೊಂಡು ಹೋಗೋ ಛತ್ರಪತಿ ಶಿವಾಜಿ ಮಹಾರಾಜ್ ಮ್ಯೂಸಿಯಂ ಇದೆಯಲ್ಲ, ಆ ಕಟ್ಟಡನೂ ಆಗ ಮಿಲಿಟರಿ ಆಸ್ಪತ್ರೆಯಾಗಿತ್ತು, ಮ್ಯೂಸಿಯಂ ಆಗಿ ಬಾಗಿಲು ತೆಗೆದಿದ್ದು 1922ರಲ್ಲಿ. ಅಂಗವಿಕಲ ಸೈನಿಕರಿಗೆ ಕೆಲಸ ಕಲಿಸೋ ಕ್ವೀನ್ ಮೇರಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1917ರಲ್ಲಿ ಮುಂಬೈಲಿ ಶುರುವಾಗಿ ಆಮೇಲೆ ಖಡಕಿಗೆ ಬಂತು, ಕೃತಕ ಕೈಕಾಲು ಕೂರಿಸೋ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ 1944ರಲ್ಲಿ ಪುಣೆಲಿ ಆಯ್ತು. ಅಂದ್ರೆ ನೂರು ವರ್ಷದಿಂದ ಗಾಯಾಳು ಸೈನಿಕರು ಈ ಊರಿನ ಬೀದೀಲೇ ಇದಾರೆ.

1924ರಲ್ಲಿ ಜರ್ಮನಿಲಿ ಅರ್ನ್ಸ್ಟ್ ಫ್ರೀಡ್ರಿಖ್ ಮುಖ ಛಿದ್ರವಾದ ಸೈನಿಕರ ಫೋಟೋಗಳನ್ನ ಯುದ್ಧದ ವಿರುದ್ಧ ಅಚ್ಚು ಹಾಕಿದ. ಉದ್ದೇಶ ದೊಡ್ಡದು, ಸರಿ, ಆದ್ರೆ ಅಲ್ಲೂ ನಮ್ಮ ಕಣ್ಣಿಗೆ ಬೀಳೋದು ಗಾಯ, ಗಾಯ ಹೊತ್ತವನಲ್ಲ. ಇದು ಬದಲಾಗಿದ್ದು ತೀರಾ ಈಚೆಗೆ. ಇರಾಕ್ ಯುದ್ಧದಲ್ಲಿ ಗಾಯಗೊಂಡು ವಾಪಸ್ ಬಂದ ಅಮೆರಿಕದ ಸೈನಿಕರನ್ನ, ಅವರು ಆಸ್ಪತ್ರೆ ಬಿಟ್ಟ ಮೇಲೆ, ನೀನಾ ಬರ್ಮನ್ ಅನ್ನೋ ಫೋಟೋಗ್ರಾಫರ್ ಅವರವರ ಊರಲ್ಲಿ ಹೋಗಿ ಫೋಟೋ ತೆಗೆದ್ರು, ಅವರ ಮಾತನ್ನೂ ಜೊತೆಗೆ ಹಾಕಿದ್ರು. 2004ರಲ್ಲಿ ಅದು ಪುಸ್ತಕ ಆಯ್ತು.

ನಮ್ಮಲ್ಲಿ ಮುರಳಿಕಾಂತ್ ಪೇಟ್ಕರ್ ಅವರನ್ನೇ ನೋಡಿ, ಸಾಂಗ್ಲಿ ಕಡೆಯವರು, 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ಹೋಯ್ತು, 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಲ್ಲಿ ಚಿನ್ನ ಗೆದ್ರು, ಪದ್ಮಶ್ರೀ ಬಂದಿದ್ದು 2018ರಲ್ಲಿ. ಚಿನ್ನ ಗೆದ್ದವರಿಗೇ 46 ವರ್ಷ ಕಾಯ್ಬೇಕಾಯ್ತು ಅಂದ್ರೆ ಮೆಡಲ್ ಇಲ್ಲದೆ ಊರಿಗೆ ಹೋಗಿ ಸುಮ್ಮನೆ ಕೂತವರ ಫೋಟೋ ಯಾರು ತೆಗೀತಾರೆ?

ನಮ್ಮ ಸೈನಿಕರ ಮನೆಗಳಲ್ಲಿ ಗೋಡೆ ಮೇಲೆ ಇರೋದು ಸಾಮಾನ್ಯವಾಗಿ ಟ್ರೈನಿಂಗ್ ಮುಗಿಸಿ ಸ್ಟುಡಿಯೋದಲ್ಲಿ ತೆಗೆಸಿದ ಯೂನಿಫಾರ್ಮ್ ಫೋಟೋ. ಗಾಯ ಆದ ಮೇಲಿನ 40–50 ವರ್ಷದ ಬದುಕು, ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಹಾಕ್ಕೊಂಡು ಹೊಲಕ್ಕೆ ಹೋಗಿದ್ದು, ಮಗಳ ಮದುವೆ ಮಾಡಿದ್ದು, ಅದು ಆಲ್ಬಮ್ಮಲ್ಲಿ ಇದ್ರೂ ಗೋಡೆಗೆ ಬರಲ್ಲ. 1971ರಲ್ಲಿ 20 ವರ್ಷದವರಾಗಿದ್ದವರು ಈಗ 70 ದಾಟಿದಾರೆ. ಪುಣೆಲಿ ಕ್ಯಾಮೆರಾ ಹಿಡಿದು ವೀಕೆಂಡಲ್ಲಿ ಕೋಟೆ ಹತ್ತೋ ಕನ್ನಡದ ಹುಡುಗ ಹುಡುಗಿಯರು ಬೇಕಾದಷ್ಟು ಇದೀರಿ, ನಿಮ್ಮ ಸಂಬಂಧಿಕರಲ್ಲೋ ಊರಲ್ಲೋ ಅಂಥವರಿದ್ರೆ ಮೊದಲು ಅವರನ್ನ ಕೇಳಿ, ಒಪ್ಪಿದ್ರೆ ಮಾತ್ರ ತೆಗೀರಿ, ಎಲ್ಲಿ ಕೂತ್ಕೋಬೇಕು ಏನು ಹಾಕ್ಕೋಬೇಕು ಅಂತ ಅವರೇ ಹೇಳ್ಲಿ, ಹೆಸರು, ಊರು, ರೆಜಿಮೆಂಟು, ಎಲ್ಲಿ ಯಾವಾಗ ಗಾಯ ಆಯ್ತು ಅಂತ ಫೋಟೋ ಹಿಂದೆ ಬರೀರಿ, ಒಂದು ಪ್ರಿಂಟ್ ಮೊದಲು ಅವರ ಮನೆಗೇ ಕೊಡಿ.